ಹೆಸರಿಲ್ಲದ ರಿಪೋರ್ಟು

೨೩ ಜನವರಿ ೨೦೨೪, ಮಂಗಳವಾರ

ಸತತ ಮೂರನೇ ದಿನ ಬೆಳಗಿನ ಜಾವದ ಡ್ಯೂಟಿ. ಸುಗಟೂರಿನ ನಮ್ಮ ಮನೆ ಮುಂದೆ ಕಂಪನಿಯ ಗಾಡಿ ಬಂದು ನಿಲ್ಲುವುದು ರಾತ್ರಿ ಎರಡು ಹತ್ತಕ್ಕೆ. ಅಲ್ಲಿಂದ ಕೋಲಾರ, ಕ್ಲಾಕ್ ಟವರ್ ಹತ್ತಿರ ನನ್ನ ಹಾಗೇ ಕೋ-ಪೈಲಟ್ ಆದ ಗೆಳತಿ ಅಲ್ಫಿಯಾಳನ್ನು ಹತ್ತಿಸಿಕೊಂಡು ವೇಮಗಲ್, ಎಚ್ ಕ್ರಾಸ್, ವಿಜಯಪುರ ದಾಟಿ ದೇವನಹಳ್ಳಿ. ಎರಡು ಹತ್ತಕ್ಕೆ ಗಾಡಿ ಹತ್ತಬೇಕಾದರೆ ಒಂದಕ್ಕೆ ಏಳಬೇಕು. ಒಂದಕ್ಕೆ ಏಳುವವಳು ಸಂಜೆ ಆರಕ್ಕೆ ಮಲಗಬೇಕು. ಸಂಜೆ ಆರಕ್ಕೆ ಡೈರಿ ಮುಂದೆ ಹಾಲಿನ ಕ್ಯಾನುಗಳ ಸದ್ದು, ಪಕ್ಕದ ಮನೆಯಲ್ಲಿ ಟಿ.ವಿ., ನಮ್ಮ ಮನೆಯಲ್ಲಿ ರೇಷ್ಮೆ ಹುಳುವಿಗೆ ಸೊಪ್ಪು ಹಾಕುವ ಅಮ್ಮನ ಓಡಾಟ. ಯಾವ ನಿದ್ದೆ?

ಇವತ್ತು ನಾಲ್ಕನೇ ಹಾರಾಟದಲ್ಲಿ ಇಳಿಯುವಾಗ ರೇಡಿಯೋದಲ್ಲಿ ನಮ್ಮ ವಿಮಾನವನ್ನು ಎರಡು ಸಲ ಕರೆದರಂತೆ. ನನಗೆ ಕೇಳಲೇ ಇಲ್ಲ. ಉತ್ತರ ಕೊಡುವುದು ಕೋ-ಪೈಲಟ್ ಆದ ನನ್ನ ಕೆಲಸ. ಕ್ಯಾಪ್ಟನ್ ತಾವೇ ಉತ್ತರ ಕೊಟ್ಟು ನನ್ನ ಕಡೆ ಒಮ್ಮೆ ನೋಡಿದರು. ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು.

ವಾಪಸು ಬರುವಾಗ ಗಾಡಿಯಲ್ಲಿ ಇದನ್ನು ಅಲ್ಫಿಯಾಗೆ ನಗುತ್ತಾ ಹೇಳಿದೆ. ಅವಳು ನಗಲಿಲ್ಲ. ಯಾವ ಹಾರಾಟ, ಎಷ್ಟು ಹೊತ್ತಿಗೆ, ಹಿಂದಿನ ದಿನ ಎಷ್ಟು ಮಲಗಿದ್ದೆ, ಪೊಲೀಸರ ಹಾಗೆ ಕೇಳಿದಳು. ಕೊನೆಗೆ, “ರಿಪೋರ್ಟ್ ಬರಿಯೇ ವಾಣಿ. ಹೆಸರು ಹಾಕೋದು ಬೇಡ. ಸೇಫ್ಟಿಯವರು ಹೆಸರು ಕೇಳಲ್ಲ,” ಅಂದಳು.

“ಹೆಸರು ಹೊರಗೆ ಬರಲ್ಲ ಅಂತ ಹೇಳಿದ್ದು ಯಾರು? ಮ್ಯಾನೇಜ್‌ಮೆಂಟು. ಅವರು ಸೂರ್ಯ ಪೂರ್ವಕ್ಕೆ ಹುಟ್ತಾನೆ ಅಂದ್ರೂ ನಾನು ಎದ್ದು ಹೋಗಿ ನೋಡ್ಕೊಂಡು ಬರ್ತೀನಿ,” ಅಂದೆ. ಆಮೇಲೆ ನಿದ್ದೆ ಹತ್ತಿತು. ಕಿಟಕಿಗೆ ತಲೆ ಬಡಿದು ಹಣೆಯ ಮೇಲೆ ನೆಲ್ಲಿಕಾಯಿಯಷ್ಟು ಬುಗುಟು ಎದ್ದಿದೆ.

೫ ಫೆಬ್ರವರಿ, ಸೋಮವಾರ

ಕ್ಯಾಪ್ಟನ್ ಆಗಲು ಕಮಾಂಡ್ ತರಬೇತಿಗೆ ಹೋಗುವವರ ಪಟ್ಟಿ ಬಂತು. ನಾಲ್ಕು ಹೆಸರು. ನಾಲ್ಕನೆಯದು ಅಲ್ಫಿಯಾ. ನನ್ನದಿಲ್ಲ.

ಮೂರು ಸಲ ಓದಿದೆ. ಮೇಲಿನಿಂದ ಕೆಳಕ್ಕೆ ಎರಡು ಸಲ, ಕೆಳಗಿನಿಂದ ಮೇಲಕ್ಕೆ ಒಂದು ಸಲ. ಹೆಸರು ಹುಟ್ಟಿಕೊಳ್ಳಲಿಲ್ಲ.

ನಮ್ಮದು ಆರೇ ವಿಮಾನದ ಸಣ್ಣ ಕಂಪನಿ, ಕಾಜಾಣ ಏರ್. ಹುಬ್ಬಳ್ಳಿ, ಕಲಬುರಗಿ, ಕಡಪ, ಸೇಲಂ, ಇಷ್ಟೇ ನಮ್ಮ ಆಕಾಶ. ಇಲ್ಲಿ ಕೋ-ಪೈಲಟ್ ಕ್ಯಾಪ್ಟನ್ ಆಗುವುದು, ಮೂರು ಪಟ್ಟಿಯ ಭುಜಕ್ಕೆ ನಾಲ್ಕನೇ ಪಟ್ಟಿ ಬರುವುದು, ಹಿರಿತನದ ಮೇಲೆ. ನಾನೂ ಅಲ್ಫಿಯಾಳೂ ಸೇರಿದ್ದು ಒಂದೇ ದಿನ. ಒಂದೇ ದಿನ ಸೇರಿದವರಲ್ಲಿ ವಯಸ್ಸಿನಲ್ಲಿ ದೊಡ್ಡವರು ಮೇಲೆ. ನಾನು ಅವಳಿಗಿಂತ ಹನ್ನೊಂದು ದಿನ ದೊಡ್ಡವಳು. ಹಾಗಾಗಿ ನನ್ನ ಸಂಖ್ಯೆ ಮೂವತ್ತಾರು, ಅವಳದು ಮೂವತ್ತೇಳು. ಆರು ವರ್ಷದಿಂದ ಆ ಹನ್ನೊಂದು ದಿನವನ್ನು ಕಾಪಾಡಿಕೊಂಡು ಬಂದಿದ್ದೇನೆ. ಇವತ್ತು ಅವಳು ಅದನ್ನು ದಾಟಿಕೊಂಡು ಹೋದಳು.

ಹೇಗೆ? ಎಲ್ಲರ ಜೊತೆ ಹಲ್ಲು ಕಿರಿಯುತ್ತಾಳೆ. ಹಬ್ಬಕ್ಕೆ ಆಫೀಸಿಗೆಲ್ಲ ಬಿರಿಯಾನಿ ತರುತ್ತಾಳೆ. ಡ್ಯೂಟಿ ಹಂಚುವ ರೋಸ್ಟರ್ ವಿಭಾಗದವರಿಗೆ ದಿನಾ ಫೋನು ಮಾಡುತ್ತಾಳೆ, ಏನು ಮಾತಾಡುತ್ತಾಳೋ ದೇವರಿಗೇ ಗೊತ್ತು. ನನಗೆ ಅದೆಲ್ಲ ಬರುವುದಿಲ್ಲ. ನಾನು ವಿಮಾನ ಓಡಿಸಲು ಸೇರಿದವಳು.

ಅಮ್ಮನಿಗೆ ಹೇಳಿದರೆ, “ಪಾಪ, ಬಂಗಾರದಂಥ ಹುಡುಗಿ, ಚೆನ್ನಾಗಿರ್ಲಿ. ನಿಂಗೂ ಬರುತ್ತೆ, ಪೋನೀಲೇ,” ಅಂದಳು. ಹೆತ್ತ ಮಗಳಿಗೆ ‘ಪೋನೀಲೇ’, ಹೋಗಲಿ ಬಿಡು; ಅವಳಿಗೆ ಬಂಗಾರ. ಊಟ ಬಿಟ್ಟು ಎದ್ದೆ. ಆಮೇಲೆ ಹಸಿವಾಗಿ ಎದ್ದು ಬಂದು ತಿಂದೆ.

೮ ಫೆಬ್ರವರಿ, ಗುರುವಾರ

ಅಲ್ಫಿಯಾ ಜಿಲೇಬಿ ತಂದಿದ್ದಳು. “ಅಬ್ಬಾ ಕಳ್ಸಿದ್ದಾರೆ, ತಿನ್ನೇ. ನಿಂದು ಮುಂದಿನ ಬ್ಯಾಚು ಕಣೇ, ಟೆನ್ಷನ್ ತಗೋಬೇಡ.” ಗೆದ್ದವರು ಸೋತವರಿಗೆ ಹೇಳುವ ಮಾತೇ ಇದು. ಅವಳ ಅಪ್ಪ ನಬೀ ಸಾಬ್ ದರ್ಜಿ; ನಮ್ಮಿಬ್ಬರ ಬಿಳಿ ಅಂಗಿಯನ್ನೂ ಅವರೇ ಹೊಲಿಯುವುದು. ಅವರ ಮೇಲಿನ ಗೌರವಕ್ಕೆ ಒಂದು ತಿಂದೆ. ಚೆನ್ನಾಗಿತ್ತು, ಅದೂ ಒಂದು ಸಿಟ್ಟು. ಇನ್ನೆರಡು ತಿಂದೆ.

ಡ್ರೈವರ್ ಮುನೇಶ್ ಕನ್ನಡಿಯಲ್ಲಿ ನಗುತ್ತಾ, “ಏನ್ ಮೇಡಂ, ಇನ್ಮೇಲೆ ಅಲ್ಫಿಯಾ ಮೇಡಂ ಕ್ಯಾಪ್ಟನ್ನು. ನನ್ ಗಾಡೀಲಿ ಮುಂದಿನ ಸೀಟು ಯಾರ್‍ದು?” ಅಂದ.

“ನಿಂದು ಕಣಪ್ಪ, ಸ್ಟಿಯರಿಂಗ್ ನಿನ್ನ ಕೈಲಿದ್ಯಲ್ಲ,” ಎಂದು ಅಲ್ಫಿಯಾ ಜೋರಾಗಿ ನಕ್ಕಳು. ವೇಮಗಲ್ ಬರುವವರೆಗೂ ನಗುತ್ತಿದ್ದಳು. ನಾನು ನಿದ್ದೆ ಬಂದವಳ ಹಾಗೆ ಕಣ್ಣು ಮುಚ್ಚಿಕೊಂಡೆ.

೧೬ ಫೆಬ್ರವರಿ, ಶುಕ್ರವಾರ

ಪೆನ್ನು ಒತ್ತಿ ಒತ್ತಿ ಹಾಳೆ ಎರಡು ಕಡೆ ಹರಿದಿದೆ. ಆದರೂ ಬರೆಯುತ್ತೇನೆ.

ನಮ್ಮ ಸೇಫ್ಟಿ ವಿಭಾಗದವರು ತಿಂಗಳಿಗೊಮ್ಮೆ ಹೆಸರಿಲ್ಲದ ರಿಪೋರ್ಟುಗಳನ್ನು ಪೈಲಟ್‌ಗಳ ಕೋಣೆಯ ಬೋರ್ಡಿಗೆ ಅಂಟಿಸುತ್ತಾರೆ. ಸಾಮಾನ್ಯವಾಗಿ ಒಂದು ಅಥವಾ ಎರಡು ಇರುತ್ತವೆ, ಹಕ್ಕಿ ಬಂತು, ನಾಯಿ ಬಂತು ಅಂತ. ಮನುಷ್ಯರ ಬಗ್ಗೆ ಯಾರೂ ಬರೆಯುವುದಿಲ್ಲ. ಇವತ್ತು ಒಂದಿತ್ತು:

“ಪಿಕಪ್ 2040. ಸತತ ಮೂರು ದಿನ, ದಿನಕ್ಕೆ ನಾಲ್ಕು ಹಾರಾಟ. ಮೂರನೇ ದಿನ ಕೊನೆಯ ಇಳಿಕೆಯಲ್ಲಿ ರೇಡಿಯೋ ಕರೆ ಎರಡು ಸಲ ತಪ್ಪಿತು. ಏರ್‌ಪೋರ್ಟ್ ಬಳಿ ಕೋಣೆ ಕೊಡಿ ಎಂದು ರೋಸ್ಟರ್ ವಿಭಾಗವನ್ನು ಮೂರು ಬಾರಿ ಕೇಳಲಾಗಿದೆ. ದೂರದ ಊರಲ್ಲಿ ಇರುವುದು ನಿಮ್ಮ ಆಯ್ಕೆ ಎಂಬ ಉತ್ತರ ಬಂದಿದೆ. ಇದು ಹೀಗೇ ನಡೆದರೆ ಒಂದು ದಿನ ತಪ್ಪುವುದು ರೇಡಿಯೋ ಕರೆ ಮಾತ್ರ ಆಗಿರುವುದಿಲ್ಲ.”

ಪೈಲಟ್‌ಗಳು ಎಲ್ಲವನ್ನೂ ಲಂಡನ್ ಗಡಿಯಾರದಲ್ಲಿ ಬರೆಯುತ್ತೇವೆ. ರೂಢಿ ಹಾಗಾಗಿದೆ, ಮದುವೆ ಮುಹೂರ್ತ ಕೇಳಿದರೂ ಮೊದಲು ನಾಲಿಗೆಗೆ ಬರುವುದು ಅದೇ. 2040ಕ್ಕೆ ಐದೂವರೆ ಗಂಟೆ ಸೇರಿಸಿದರೆ ನಮ್ಮ ಎರಡು ಹತ್ತು. ಎರಡು ಹತ್ತಕ್ಕೆ ಗಾಡಿ ಹತ್ತುವವಳು ಇಡೀ ಕಂಪನಿಯಲ್ಲಿ ನಾನೊಬ್ಬಳೇ. ಅಲ್ಫಿಯಾ ಕೋಲಾರದಲ್ಲಿ ಹತ್ತುವುದು ಎರಡೂ ಮೂವತ್ತೈದಕ್ಕೆ.

ರೇಡಿಯೋ ವಿಷಯ ನಾನು ಹೇಳಿದ್ದು ಒಬ್ಬಳಿಗೇ.

ನನ್ನ ತಪ್ಪು, ನನ್ನ ಪಿಕಪ್, ನನ್ನ ನಿದ್ದೆ. ಎಲ್ಲ ನನ್ನದು, ಬರೆದ ಕೈ ಮಾತ್ರ ಅವಳದು. ಕೆಳಗೆ ತಾರೀಖೂ ಇದೆ: ಜನವರಿ ೨೪. ಕಮಾಂಡ್ ಪಟ್ಟಿ ಬಂದದ್ದು ಫೆಬ್ರವರಿ ೫. ನಡುವೆ ಹನ್ನೆರಡು ದಿನ. ಇಷ್ಟು ಲೆಕ್ಕ ಬಾರದವಳೇನಲ್ಲ ನಾನು. ಮ್ಯಾನೇಜ್‌ಮೆಂಟು ಇದನ್ನು ಓದಿದೆ, ಸುಗಟೂರಿನವಳು ಬಾಯಿ ಬಿಟ್ಟಿದ್ದಾಳೆ ಅಂದುಕೊಂಡಿದೆ, ನನ್ನ ಹೆಸರು ಹೊಡೆದು ಅವಳದನ್ನು ಹಾಕಿದೆ. ಅದಕ್ಕೇ ನನ್ನ ಟೈಮು ಬರೆದಳು ಆ ಜಾಣೆ.

ಕೋಣೆಯಲ್ಲಿದ್ದವರೆಲ್ಲ ರಿಪೋರ್ಟು ಓದಿ ನನ್ನ ಕಡೆ ನೋಡಿದರು. ಒಬ್ಬರಂತೂ ಬೆನ್ನು ತಟ್ಟಿ, “ಧೈರ್ಯ ಮಾಡಿದ್ರಿ ಬಿಡಿ,” ಎಂದು ಪಿಸುಗುಟ್ಟಿ ದೂರ ಹೋಗಿ ಕೂತರು.

೧೭ ಫೆಬ್ರವರಿ, ಶನಿವಾರ

ಅಲ್ಫಿಯಾಳ ಜೊತೆ ಒಂದೇ ಗಾಡಿಯಲ್ಲಿ ಒಂದೂವರೆ ಗಂಟೆ ಕೂತು ಹೋದೆ. ಕೇಳಲಿಲ್ಲ. ಕೇಳಿದರೆ ಅವಳು ನಗುತ್ತಾಳೆ, ನಾನು ಸೋಲುತ್ತೇನೆ. ಅವಳು ಸಿಮ್ಯುಲೇಟರ್ ಪುಸ್ತಕ ಓದುತ್ತಾ ಕೂತಿದ್ದಳು. ಎಡಗಡೆ ಸೀಟಿನ ಪಾಠ. ಕ್ಯಾಪ್ಟನ್ ಸೀಟಿನದು.

೨೦ ಫೆಬ್ರವರಿ, ಮಂಗಳವಾರ

ಆಪರೇಷನ್ಸ್ ಹೆಡ್ ಹತ್ತಿರ ನೇರ ಹೋದೆ. ನಾವೆಲ್ಲ ಅವರನ್ನು ಕರೆಯುವುದು ದೊಡ್ಡ ಸಾಹೇಬರು ಎಂದು. ಆರು ವರ್ಷದಲ್ಲಿ ಅವರ ಕೋಣೆಗೆ ನಾನು ಹೋಗಿದ್ದು ಇದು ಎರಡನೇ ಸಲ.

“ಸರ್, ಆ ರಿಪೋರ್ಟ್ ನಂದಲ್ಲ,” ಅಂದೆ, ಕೂರುವ ಮೊದಲೇ.

“ಯಾವ ರಿಪೋರ್ಟ್?”

ಎಂಥ ನಾಟಕ! ಹುಬ್ಬು ಕೂಡ ಹಾಗೇ ಮೇಲೆ ಹೋಯಿತು. ಬೋರ್ಡಿನ ಮೇಲಿರುವುದು ಅಂದೆ. ಯಾರಿಗೋ ಫೋನು ಮಾಡಿ ತಮ್ಮ ಮೊಬೈಲಿಗೆ ಅದರ ಫೋಟೋ ತರಿಸಿಕೊಂಡರು. ಮೊದಲ ಸಲ ಓದುವವರ ಹಾಗೆ ನಿಧಾನವಾಗಿ ಓದಿದರು. ಕಾಗದದ ಮೇಲೆ 2040 ಎಂದು ಬರೆದು ಕೂಡಿದರು.

“ಎರಡು ಹತ್ತು. ಅಷ್ಟು ದೂರದಿಂದ ಬರೋರು ಯಾರಿದ್ದಾರೆ ನಮ್ಮಲ್ಲಿ?”

“ಕೋಲಾರದ ಕಡೆಯಿಂದ ನಾವಿಬ್ಬರೇ ಸರ್.”

“ನೀವಲ್ಲ.”

“ನಾನಲ್ಲ ಸರ್.”

ಅವರು ಕಾಗದವನ್ನು ಮಡಚಿ ಡ್ರಾಯರಿನಲ್ಲಿಟ್ಟರು. ಟೀ ತರಿಸಿದರು. ಬಿಸ್ಕತ್ತಿನ ಜೊತೆ. ಹಾಗಾದರೆ ನನ್ನ ಹೆಸರು ಪಟ್ಟಿಯಲ್ಲಿ ಯಾಕಿಲ್ಲ ಎಂದು ಕೇಳಿದೆ. “ನಿಮ್ಮ ಮೆಡಿಕಲ್ ಸರ್ಟಿಫಿಕೇಟು ಮಾರ್ಚ್‌ಗೆ ಮುಗಿಯುತ್ತೆ, ಟ್ರೈನಿಂಗ್ ಮಧ್ಯೆ ತೊಂದರೆ ಬೇಡ ಅಂತ ಏಪ್ರಿಲ್ ಬ್ಯಾಚಿಗೆ ಹಾಕಿದೀವಲ್ಲ. ಮೇಲ್ ಬಂದಿಲ್ವಾ?” ಅಂದರು.

ಕಂಪನಿಯ ಇ-ಮೇಲುಗಳನ್ನು ನಾನು ತೆರೆಯುವುದಿಲ್ಲ. ನಮ್ಮಲ್ಲಿ ಯಾರೂ ತೆರೆಯುವುದಿಲ್ಲ. ಮನೆಗೆ ಬಂದು ಹುಡುಕಿದೆ. ಇತ್ತು, ಜನವರಿ ೩೧ರ ತಾರೀಖು. ಈಗ ಬರೆದು ಹಳೇ ತಾರೀಖು ಹಾಕಿ ತುರುಕಿರಬಹುದು. ಕಂಪ್ಯೂಟರಿನವರಿಗೆ ಅದೇನು ದೊಡ್ಡ ಕೆಲಸ?

ಏನೇ ಇರಲಿ, ಒಂದು ಸಮಾಧಾನ. ನಾನು ಯಾರ ಹೆಸರನ್ನೂ ಹೇಳಲಿಲ್ಲ. ಒಂದೇ ಒಂದು ಸುಳ್ಳು ಹೇಳಲಿಲ್ಲ. ನನ್ನದಲ್ಲ ಎನ್ನುವುದನ್ನು ನನ್ನದಲ್ಲ ಎಂದೆ, ಅಷ್ಟೇ.

೨೧ ಫೆಬ್ರವರಿ, ಬುಧವಾರ

ಒಳ್ಳೆ ನಿದ್ದೆ.

೨೯ ಫೆಬ್ರವರಿ, ಗುರುವಾರ

ಅಲ್ಫಿಯಾಳ ತರಬೇತಿ ನಿಲ್ಲಿಸಿದ್ದಾರೆ. ‘ಕಂಪನಿಯ ವಿರುದ್ಧ ಉತ್ಪ್ರೇಕ್ಷಿತ ಆರೋಪ’, ವಿಚಾರಣೆ ಮುಗಿಯುವವರೆಗೆ ವಿಮಾನವನ್ನೂ ಹತ್ತುವಂತಿಲ್ಲ. ಅದೇ ಮಧ್ಯಾಹ್ನ ನನಗೆ ಫೋನು: ಖಾಲಿಯಾದ ಜಾಗಕ್ಕೆ ನಾನು, ಮೆಡಿಕಲ್ ಬೇಗ ಮಾಡಿಸಿಕೊಂಡು ಬಂದರೆ ಸಾಕು. ಏಪ್ರಿಲ್‌ವರೆಗೆ ಕಾಯುವುದೂ ಬೇಡ.

ಅಲ್ಫಿಯಾ ಕಾಗದಪತ್ರ ಒಪ್ಪಿಸಲು ಬಂದಿದ್ದಳು, ವಾಪಸು ಇಬ್ಬರೂ ಒಟ್ಟಿಗೇ ಬಂದೆವು. ಎಚ್ ಕ್ರಾಸ್‌ ಬಂತು. ಆಮೇಲೆ ನಾನೇ, “ನೀನೇನಾ ಬರೆದಿದ್ದು?” ಅಂದೆ.

“ಹೂಂ.”

“ಯಾಕೆ?”

“ಯಾರಾದ್ರೂ ಬರೀಬೇಕಿತ್ತು, ಬರೆದೆ.” ಕಿಟಕಿ ಹೊರಗೆ ನೋಡುತ್ತಾ ಹೇಳಿದಳು. ನನ್ನ ಟೈಮು ಯಾಕೆ ಹಾಕಿದೆ ಎಂದು ಕೇಳಬೇಕೆಂದಿದ್ದೆ. ಗಾಡಿ ಕ್ಲಾಕ್ ಟವರಿಗೆ ಬಂದುಬಿಟ್ಟಿತು. ಇಳಿಯುವಾಗ ಅವಳು ನನ್ನ ಕೈ ಹಿಡಿದು ಒಮ್ಮೆ ಅಮುಕಿ ಹೋದಳು. ಮಾಡಿದ್ದುಣ್ಣೋ ಮಹಾರಾಯ ಎಂದು ಗಾದೆಯೇ ಇದೆಯಲ್ಲ.

ಆದರೆ ಒಂದು ಗಮನಿಸಿದೆ. ಪೈಲಟ್‌ಗಳ ಕೋಣೆಯಲ್ಲಿ ಎಲ್ಲರೂ ಅವಳ ಸುತ್ತ ಕೂತಿದ್ದರು. ಒಬ್ಬರು ಕಾಫಿ ತಂದುಕೊಟ್ಟರು, ಒಬ್ಬರು ವಕೀಲರ ನಂಬರು. ನನಗೆ ಜಾಗ ಸಿಕ್ಕಿದ್ದಕ್ಕೆ ಅಭಿನಂದನೆ ಹೇಳಿದವರು ಇಬ್ಬರು, ಅದೂ ಬಾಗಿಲಲ್ಲಿ ಎದುರಾದದ್ದರಿಂದ. ಸೋತರೂ ಅವಳದೇ ಮೆರವಣಿಗೆ.

೭ ಮಾರ್ಚ್, ಗುರುವಾರ

ಒಬ್ಬಳೇ ಹೋಗಿ ಬಂದೆ. ಕೋಲಾರದೊಳಕ್ಕೆ ಹೋಗಬೇಕಾದ್ದಿಲ್ಲ, ಬೈಪಾಸಿನಲ್ಲೇ ಹೋದರೆ ಕಾಲು ಗಂಟೆ ಉಳಿಯುತ್ತದೆ.

ಮುನೇಶ್ ತಡೆದು ತಡೆದು ಮಾತು ತೆಗೆದ. “ಮೇಡಂ, ತಪ್ಪು ತಿಳ್ಕಾಬೇಡಿ. ಅಲ್ಫಿಯಾ ಮೇಡಂದು ಈ ಗ್ರಹಚಾರ ನನ್ನಿಂದ ಆಯ್ತಾ ಅಂತ.”

“ನಿನ್ನಿಂದ ಹೇಗಪ್ಪ?”

“ಅವತ್ತು ನೀವು ಕಿಟಕಿಗೆ ತಲೆ ಹೊಡ್ಕೊಂಡ್ರಲ್ಲ, ಮಾರ್ನೇ ದಿನ ನನಗೆ ಫೋನ್ ಮಾಡಿದ್ರು. ಸುಗಟೂರಲ್ಲಿ ವಾಣಿನ ಕರೆಕ್ಟಾಗಿ ಎಷ್ಟೊತ್ತಿಗೆ ಹತ್ತಿಸ್ಕೊಂತೀಯ ಅಂತ. ನಾನು ಎರಡು ಹತ್ತು ಅಂದೆ. ಅವಳಿಗೆ ಹೇಳ್ಬೇಡ, ಹೇಳಿದ್ರೆ ಬೇಡ ಅಂತಾಳೆ, ಅಂದ್ರು. ಅದಕ್ಕೂ ಮುಂಚೆ ಎಷ್ಟು ಸಲ ನನ್ ಗಾಡೀಲೇ ಕೂತ್ಕೊಂಡು ಆಫೀಸ್ನೋರ್ ಜೊತೆ ಜಗಳ ಆಡವ್ರೆ ಗೊತ್ತಾ? ನಂದು ಬಿಡ್ರೀ, ಅವಳು ಇನ್ನೂ ದೂರ, ಒಂದು ಗಂಟೆಗೆ ಏಳ್ತಾಳೆ, ಅವಳಿಗಾದ್ರೂ ರೂಮ್ ಕೊಡ್ರೀ ಅಂತ. ನೀವು ಮಲಗಿರ್ತಿದ್ರಿ.”

ನಾನು ಮಲಗಿರುತ್ತಿದ್ದೆ.

ಹಾಗಾದರೆ ಆ ದಿನಾ ದಿನಾ ಫೋನು... ಬೇಡ, ಬರೆಯಲು ಆಗುತ್ತಿಲ್ಲ. ಯಾರು ಕೇಳಿದ್ದರು ಅವಳನ್ನು? ನನ್ನ ಪರವಾಗಿ ಮಾತಾಡು ಎಂದು ನಾನು ಅರ್ಜಿ ಹಾಕಿದ್ದೆನಾ? ಇಷ್ಟು ದೊಡ್ಡವಳಾಗುವ ಹಕ್ಕು ಅವಳಿಗೆ ಯಾರು ಕೊಟ್ಟರು?

೮ ಮಾರ್ಚ್, ಶುಕ್ರವಾರ

ಶಿವರಾತ್ರಿ. ಅಮ್ಮನಿಗೆ ಉಪವಾಸ. ಹುಳುಗಳೂ ಪೊರೆ ಬಿಡುವ ನಾಲ್ಕನೇ ಜ್ವರಕ್ಕೆ ಕೂತಿವೆ, ಸೊಪ್ಪು ಮುಟ್ಟುವುದಿಲ್ಲ, ಹಾಗಾಗಿ ಅವಳಿಗೆ ಬಿಡುವು. ಪಕ್ಕದಲ್ಲಿ ಕೂತು ಎಲ್ಲ ಹೇಳಿದೆ. ಟೀ ಬಿಸ್ಕತ್ತಿನವರೆಗೆ.

ಅಮ್ಮ ದೀಪದ ಬತ್ತಿ ಹೊಸೆಯುತ್ತಾ ಕೇಳಿದಳು. ಕೊನೆಗೆ, “ಆಯಪ್ಪನಿಗೆ ಆ ಕಾಗದದ ವಿಷ್ಯಾನೇ ಗೊತ್ತಿರ್ಲಿಲ್ಲ ಅನ್ನು,” ಅಂದಳು.

“ನಾಟಕ ಅಮ್ಮಾ ಅದು.”

“ಯಾವ್ದೇ ನಾಟಕ? ಗೊತ್ತಿದ್ರೆ ಆ ಹುಡುಗಿ ಹೆಸರು ಪಟ್ಟೀಲಿ ಬರ್ತಿತ್ತಾ? ಗೊತ್ತಿದ್ರೆ ನಿನ್ನೇ ಮೊದಲು ಕರೆದು ಬೈತಿರ್ಲಿಲ್ವಾ? ಕುಂಬಳಕಾಯಿ ಕಳ್ಳ ಅಂದ್ರೆ ಹೆಗಲು ಮುಟ್ಟಿ ನೋಡ್ಕೊಂಡ್ರಂತೆ. ನಿಂಗೆ ಕಳ್ಳ ಅಂತಾನೂ ಯಾರೂ ಅನ್ನಲಿಲ್ಲ. ನೀನೇ ಹೋಗಿ ಹೆಗಲು ತೋರ್ಸಿ ಬಂದೆ, ಪಕ್ಕದಲ್ಲಿದ್ದೋಳ ಹೆಗಲು.”

ಎದ್ದು ಹುಳುಮನೆಗೆ ಹೋದಳು. ಸೊಪ್ಪು ಹಾಕುವ ಕೆಲಸವಿಲ್ಲ, ಆದರೂ ಹೋದಳು. ಜಾಗರಣೆ ಅವಳದು, ಎಚ್ಚರವಿದ್ದದ್ದು ಇಬ್ಬರೂ.

೧೨ ಮಾರ್ಚ್, ಮಂಗಳವಾರ

ದೊಡ್ಡ ಸಾಹೇಬರು ಕರೆಸಿ ಒಂದು ಕಾಗದ ಕೊಟ್ಟರು. ‘ಜನವರಿ ೨೪ರ ಅನಾಮಧೇಯ ರಿಪೋರ್ಟನ್ನು ನಾನು ಬರೆದಿಲ್ಲ ಎಂದು ಈ ಮೂಲಕ ದೃಢೀಕರಿಸುತ್ತೇನೆ.’ ಕೆಳಗೆ ಸಹಿಗೆ ಜಾಗ.

“ಫಾರ್ಮಾಲಿಟಿ ಅಷ್ಟೇ. ಅಲ್ಫಿಯಾ ಅವರು ಒಪ್ಪಿಕೊಳ್ತಾನೂ ಇಲ್ಲ, ಇಲ್ಲ ಅಂತಾನೂ ಅಂತಿಲ್ಲ. ಹೆಸರು ಕೇಳಲ್ಲ ಅಂತ ನೀವೇ ಹೇಳಿದ್ರಿ, ಈಗ ಯಾಕೆ ಕೇಳ್ತಿದ್ದೀರಿ, ಅಂತಾರೆ. ನಿಮ್ಮ ಸಹಿ ಬಂದ್ರೆ ಉಳಿಯೋದು ಒಬ್ಬರೇ. ಸೋಮವಾರ ಕೊಡಿ, ಅವತ್ತೇ ನಿಮ್ಮ ಟ್ರೈನಿಂಗ್ ಆರ್ಡರ್ ತಗೊಂಡು ಹೋಗಿ.”

ಒಂದು ಸಹಿ, ಭುಜಕ್ಕೆ ಒಂದು ಪಟ್ಟಿ. ಕಾಗದದಲ್ಲಿ ಬರೆದಿರುವುದು ನೂರಕ್ಕೆ ನೂರು ನಿಜ. ನಿಜಕ್ಕೆ ಸಹಿ ಹಾಕಲು ಸೋಮವಾರದವರೆಗೆ ಯಾಕೆ ಬೇಕು ಎಂದು ಅವರಿಗೂ ಅನಿಸಿರಬೇಕು. ಪೆನ್ನು ಮುಂದಕ್ಕೆ ಸರಿಸಿದರು. ಮನೆಯಲ್ಲಿ ಓದಿ ಹಾಕುತ್ತೇನೆ ಎಂದು ಬಂದೆ.

೧೬ ಮಾರ್ಚ್, ಶನಿವಾರ

ಅಂಗಿ ತರುವ ನೆಪದಲ್ಲಿ ನಬೀ ಸಾಬರ ಅಂಗಡಿಗೆ ಹೋದೆ. ರಂಜಾನ್, ಸಂಜೆ ಐದು ಗಂಟೆ. ಅಲ್ಫಿಯಾ ಒಳಗೆ ಗುಂಡಿ ಹೊಲಿಯುತ್ತಾ ಕೂತಿದ್ದಳು. ಇಷ್ಟು ದಿನ ಮನೆಯಲ್ಲಿ ಕೂತವಳಿಗೆ ಅಪ್ಪ ಕೆಲಸ ಹಚ್ಚಿದ್ದಾರೆ. ನಬೀ ಸಾಬರು ನನ್ನನ್ನು ಕಂಡು, “ಬಾಮ್ಮಾ ವಾಣಿ, ಕೂತ್ಕೋ,” ಎಂದು ಸ್ಟೂಲು ಒರೆಸಿ ಕೊಟ್ಟು, ತಾವು ಹೊರಗೆ ಹೋಗಿ ನಿಂತರು.

“ಕೇಳದೇ ಯಾಕೆ ಬರೆದೆ ನನ್ನ ವಿಷಯ?” ಅಂದೆ. ಬೇರೆ ಏನನ್ನೋ ಹೇಳಲು ಬಂದಿದ್ದೆ. ಬಾಯಿಗೆ ಬಂದದ್ದು ಅದು.

“ಕೇಳಿದ್ರೆ ಬೇಡ ಅಂತಿದ್ದೆ.”

“ಅಂತಿದ್ದೆ! ಬೇಡ ಅನ್ನೋ ಹಕ್ಕು ನಂದು.”

ಸೂಜಿ ನಿಲ್ಲಿಸಿದಳು. “ಅದು ನನ್ನ ತಪ್ಪೇ. ಟೈಮ್ ಬರೆದಿದ್ದೂ ತಪ್ಪೇ. ಅಭ್ಯಾಸ ಬಲ, ಎಲ್ಲಕ್ಕೂ ಟೈಮ್ ಹಾಕಿಬಿಡ್ತೀವಿ. ಹೆಸರು ಬಿಟ್ಟೆ, ವಿಳಾಸ ಬರೆದಂಗೆ ಆಯ್ತು.”

“ನಾನು ದೊಡ್ಡ ಸಾಹೇಬರ ಹತ್ರ ಹೋಗಿದ್ದೆ.”

“ಗೊತ್ತು.”

“ಯಾರು ಹೇಳಿದ್ರು?”

“ಅವರೇ. ನಿಮ್ಮ ಫ್ರೆಂಡೇ ಬಂದು ತಮ್ದಲ್ಲ ಅಂದ್ರು, ಸೋಮವಾರ ಸಹಿನೂ ಹಾಕಿ ಕೊಡ್ತಾರೆ, ಇನ್ನು ನೀವೇ ತಾನೇ, ಅಂತ ನಗ್ತಾ ಹೇಳಿದ್ರು.” ಆಗ ತಲೆ ಎತ್ತಿದಳು. ಅವಳಿಗೆ ಅಷ್ಟು ಸಿಟ್ಟು ಬಂದದ್ದನ್ನು ನಾನು ಎಂದೂ ನೋಡಿಲ್ಲ. “ಮ್ಯಾನೇಜ್‌ಮೆಂಟನ್ನ ನಂಬಲ್ಲ ನಂಬಲ್ಲ ಅಂತ ಆರು ವರ್ಷ ನನ್ನ ಕಿವಿ ತಿಂದೆಯಲ್ಲೇ ವಾಣಿ. ಕೊನೆಗೆ ನಂಬಿ ಹೋಗಿದ್ದು ಯಾರ ಹತ್ರ? ಒಂದೇ ಗಾಡೀಲಿ, ಒಂದೇ ಸೀಟಲ್ಲಿ, ಒಂದೂವರೆ ಗಂಟೆ ಕೂತಿದ್ದೆ ನನ್ನ ಪಕ್ಕ. ಒಂದು ಮಾತು ಕೇಳೋಕೆ ಆಗ್ಲಿಲ್ವಾ?”

ನಾನು ಸ್ಟೂಲಿನಿಂದ ಎದ್ದೆ.

“ಹೋಗು, ಸಹಿ ಹಾಕು. ನಿಜ ತಾನೇ ಅದು,” ಎಂದು ಮತ್ತೆ ಸೂಜಿ ತೆಗೆದುಕೊಂಡಳು. ಅಂಗಿ ತೆಗೆದುಕೊಳ್ಳುವುದನ್ನು ಮರೆತು ಬಂದೆ. ಬಸ್‌ಸ್ಟ್ಯಾಂಡಿಗೆ ನಬೀ ಸಾಬರೇ ತಂದುಕೊಟ್ಟರು, ಇಸ್ತ್ರಿ ಹಾಕಿ.

೧೮ ಮಾರ್ಚ್, ಸೋಮವಾರ

ಕೊಟ್ಟೆ.

‘ಬರೆದಿಲ್ಲ’ ಎನ್ನುವ ಸಾಲಿನ ಮೇಲೆ ಅಡ್ಡಗೆರೆ ಎಳೆದು, ಕೆಳಗೆ ನನ್ನ ಕೈಯಲ್ಲಿ ಬರೆದೆ: ‘ಈ ರಿಪೋರ್ಟು ನನ್ನದು. 2040 ನನ್ನ ಪಿಕಪ್. ಜನವರಿ ೨೩ರಂದು ರೇಡಿಯೋ ಕರೆ ತಪ್ಪಿದ್ದು ನನ್ನಿಂದ. ಫೆಬ್ರವರಿ ೨೦ರಂದು ಹೆದರಿ ಇಲ್ಲವೆಂದಿದ್ದೆ. ವಾಣಿಶ್ರೀ, ಸಂಖ್ಯೆ ೩೬.’

ದೊಡ್ಡ ಸಾಹೇಬರು ಓದಿ ಕನ್ನಡಕ ತೆಗೆದರು. “ಇದು ಸುಳ್ಳು ಅಂತ ನಿಮಗೂ ಗೊತ್ತು, ನನಗೂ ಗೊತ್ತು.”

“ಗಾಡಿಯ ದಾಖಲೆ ನೋಡಿ ಸರ್, ಎರಡು ಹತ್ತಕ್ಕೆ ಹತ್ತೋಳು ನಾನೊಬ್ಬಳೇ. ಅವತ್ತಿನ ರೇಡಿಯೋ ರೆಕಾರ್ಡಿಂಗ್ ತರಿಸಿ. ನನ್ನ ವಿಮಾನವೇ ಇರುತ್ತೆ.”

ತರಿಸಿದರು. ನನ್ನ ವಿಮಾನವೇ ಇತ್ತು. ಹದಿನೈದು ದಿನ ನಾನು ಹಾರುವಂತಿಲ್ಲ, ಮತ್ತೆ ಸಿಮ್ಯುಲೇಟರ್ ಪರೀಕ್ಷೆ, ಕಮಾಂಡಿನ ಮಾತು ಒಂದು ವರ್ಷದವರೆಗೆ ಇಲ್ಲ. ಅಲ್ಫಿಯಾಳ ತರಬೇತಿ ಮತ್ತೆ ಶುರು.

ಇದನ್ನು ದೊಡ್ಡತನ ಎಂದು ಯಾರೂ ತಿಳಿಯಬಾರದು. ನಾನೂ ತಿಳಿಯಬಾರದು, ಅದಕ್ಕೇ ಬರೆದಿಡುತ್ತಿದ್ದೇನೆ. ಅವಳ ಋಣ ಹೊತ್ತುಕೊಂಡು ನಾಲ್ಕು ಪಟ್ಟಿ ಹಾಕಿಕೊಳ್ಳಲು ನನ್ನಿಂದ ಆಗುವುದಿಲ್ಲ, ಅಷ್ಟೇ. ಅವಳು ನನಗಿಂತ ಮೊದಲು ಕ್ಯಾಪ್ಟನ್ ಆಗುತ್ತಾಳೆ ಎಂದು ನೆನೆದರೆ ಈಗಲೂ ಮೈ ಉರಿಯುತ್ತದೆ.

ಸಂಜೆ ಅವಳ ಫೋನು ಬಂತು. “ಹುಚ್ಚಿ,” ಎಂದು ಇಟ್ಟುಬಿಟ್ಟಳು.

೨ ಏಪ್ರಿಲ್, ಮಂಗಳವಾರ

ಸುತ್ತೋಲೆ: ಐವತ್ತು ಕಿಲೋಮೀಟರಿಗಿಂತ ದೂರದಿಂದ ಬರುವವರಿಗೆ ಬೆಳಗಿನ ಜಾವದ ಡ್ಯೂಟಿ ಇದ್ದರೆ ಹಿಂದಿನ ದಿನವೇ ಏರ್‌ಪೋರ್ಟ್ ಬಳಿ ಕೋಣೆ. ‘ಆಡಳಿತ ಮಂಡಳಿಯ ಕಾಳಜಿಯಿಂದ’ ಎಂದು ಮೊದಲ ಸಾಲು. ನಗು ಬಂತು. ಈ ಸಲ ಮೇಲು ತೆರೆದು ಓದಿದೆ, ಪೂರ್ತಿ. ಈಗಲೂ ನಂಬಿಲ್ಲ. ಕೋಣೆಯ ಬೀಗದ ಕೈ ಕೊಟ್ಟ ದಿನ ನೋಡೋಣ.

ಅಲ್ಫಿಯಾ ತರಬೇತಿಗೆ ಹೈದರಾಬಾದಿಗೆ ಹೋಗಿದ್ದಾಳೆ. ಮಾತಿಲ್ಲ. ಅವಳೂ ಆಡುವುದಿಲ್ಲ, ನಾನೂ ಆಡುವುದಿಲ್ಲ. ಅಮ್ಮ ಮಾತ್ರ ಅವಳಿಗೆ ಫೋನು ಮಾಡಿ ಊಟ ಆಯ್ತಾ ಕೇಳುತ್ತಾಳೆ. ನನ್ನ ಫೋನಿನಿಂದಲೇ.

೨೩ ಆಗಸ್ಟ್, ಶುಕ್ರವಾರ

ಅಲ್ಫಿಯಾ ಕ್ಯಾಪ್ಟನ್ ಆದಳು.

ಹೊಸ ಕ್ಯಾಪ್ಟನ್ ಭುಜಕ್ಕೆ ನಾಲ್ಕು ಪಟ್ಟಿ ಸಿಕ್ಕಿಸುವವರು ಯಾರು ಎಂಬುದನ್ನು ಆ ಕ್ಯಾಪ್ಟನ್ನೇ ಆರಿಸಿಕೊಳ್ಳುವುದು ನಮ್ಮಲ್ಲಿ ಪದ್ಧತಿ. ಅಪ್ಪನನ್ನೋ ಗಂಡನನ್ನೋ ಕರೆಯುತ್ತಾರೆ. ನಬೀ ಸಾಬರು ತಾವೇ ಹೊಲಿದ ಸೂಟು ತೊಟ್ಟು ಬಂದಿದ್ದರು. ನಾನು ಹಿಂದಿನ ಸಾಲಿನಲ್ಲಿ ನಿಂತಿದ್ದೆ, ಡ್ಯೂಟಿ ಇದೆ ಎಂದು ಜಾರಿಕೊಳ್ಳುವ ದಾರಿ ನೋಡುತ್ತಾ.

“ಬಾರೇ ಇಲ್ಲಿ,” ಅಂದಳು ಎಲ್ಲರೆದುರು. ಐದು ತಿಂಗಳಲ್ಲಿ ಅವಳು ನನ್ನ ಜೊತೆ ಆಡಿದ ಮೊದಲ ಮಾತು.

ಹೋದೆ. ನಬೀ ಸಾಬರು ಪೆಟ್ಟಿಗೆಯನ್ನು ನನ್ನ ಕೈಗೆ ಕೊಟ್ಟರು. ಎಡಭುಜದ್ದು ಸರಿಯಾಗಿ ಕೂತಿತು. ಬಲಭುಜದ್ದು ಸ್ವಲ್ಪ ಓರೆಯಾಯಿತು. ನನಗೆ ಕಂಡಿತು. ಹಾಗೇ ಬಿಟ್ಟೆ. ಚಪ್ಪಾಳೆ ಬಿತ್ತು, ಫೋಟೋ ಆಯಿತು, ದೊಡ್ಡ ಸಾಹೇಬರು ಎರಡು ಮಾತಾಡಿದರು. ಅವಳು ಬ್ಯಾಗು ಎತ್ತಿಕೊಂಡು ಕಲಬುರಗಿ ವಿಮಾನಕ್ಕೆ ಹೊರಟಳು, ಆ ಓರೆ ಪಟ್ಟಿಯಲ್ಲೇ, ಎದೆ ಸೆಟೆಸಿಕೊಂಡು. ಖುಷಿಯಾಯಿತು ನನಗೆ. ಒಂದು ನಿಮಿಷ ಚೆನ್ನಾಗಿಯೇ ಖುಷಿಯಾಯಿತು.

ಆಮೇಲೆ ಎಪ್ಪತ್ತು ಜನ ಪ್ರಯಾಣಿಕರು ಅದನ್ನು ನೋಡುತ್ತಾರೆ ಎಂದು ಹೊಳೆದು ಓಡಿದೆ. ವಿಮಾನದ ಬಸ್ಸಿಗೆ ಕಾಲಿಡುವಷ್ಟರಲ್ಲಿ ಸಿಕ್ಕಿದಳು. “ನಿಲ್ಲೇ! ಬಲಗಡೇದು ಓರೆಯಾಗಿದೆ.”

“ಗೊತ್ತು,” ಅಂದಳು. “ನೀನು ಬರ್ತೀಯೋ ಇಲ್ವೋ ಅಂತ ನೋಡ್ತಿದ್ದೆ.”

ಸರಿ ಮಾಡಿದೆ. ವಿಮಾನ ಸಮಯಕ್ಕೆ ಸರಿಯಾಗಿ ಹೊರಟಿತು. ಹೊಟ್ಟೆ ಇನ್ನೂ ಉರಿಯುತ್ತಿದೆ.